ಬತ್ತಿಯಿಂದ ಗುಂಡಿಯವರೆಗೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ತನ್ನ ಮಗಳು ರಟ್ಟಿನ ರಾಕೆಟ್ಟೊಂದನ್ನು ಹಾರಿಸುತ್ತಿರುವ ಚಿತ್ರವನ್ನು ಕಳೆದ ತಿಂಗಳು ಕಳುಹಿಸಿದ್ದನು. ನನ್ನ ದೃಷ್ಟಿ ರಾಕೆಟ್ಟಿನ ಮೇಲೆ ನಿಲ್ಲಲಿಲ್ಲ. ಅದರ ಬುಡದಿಂದ ಹುಡುಗಿಯ ಕೈಯವರೆಗೆ ಹರಿದಿದ್ದ ಉದ್ದನೆಯ ತಂತಿಯ ಮೇಲೆ ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ನಮ್ಮ ಮೈಸೂರಿನ ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಬೆಂಕಿ ಮುಟ್ಟಿಸುತ್ತಿದ್ದುದು ಮನುಷ್ಯನ ಕೈಯೇ. 1926ರ ಮಾರ್ಚ್ 16ರಂದು ರಾಬರ್ಟ್ ಗೊಡ್ಡಾರ್ಡ್ ದ್ರವ ಇಂಧನದ ಪ್ರಥಮ ರಾಕೆಟ್ಟನ್ನು ಹಾರಿಸಿದಾಗಲೂ, ಅವರ ಸಹಾಯಕನು ಕೋಲಿನ ತುದಿಗೆ ಕಟ್ಟಿದ ಬ್ಲೋಟಾರ್ಚನ್ನು ಹಿಡಿದು ನಿಲ್ಲಬೇಕಾಯಿತು.

ಆದರೆ ವಿದ್ಯೆ ಅದಕ್ಕೂ ಹಿಂದಿನದು. ಫಿಲಡೆಲ್ಫಿಯಾದ ರಸಾಯನಶಾಸ್ತ್ರಜ್ಞ ರಾಬರ್ಟ್ ಹೇರ್ ಬಂಡೆ ಸಿಡಿಸಲು ವಿದ್ಯುತ್ತಿನಿಂದ ಮದ್ದು ಹೊತ್ತಿಸುವ ಉಪಾಯವನ್ನು 1830ರ ದಶಕದಲ್ಲಿಯೇ ಕಂಡುಕೊಂಡಿದ್ದನು. 1841ರಲ್ಲಿ ಜೌಲ್, ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದನ್ನು ತೋರಿಸಿದನು. 1906ರಲ್ಲಿ ಆಲ್ಬರ್ಟ್ ಮಾರ್ಷ್‌ನಿಗೆ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದ ಪೇಟೆಂಟ್ ದೊರೆಯಿತು. ನೀವೆಲ್ಲ ನಮ್ಮ ಪ್ರಯೋಗಶಾಲೆಯಲ್ಲಿ ಕೆಂಪಗೆ ಕಾದುದನ್ನು ಕಂಡಿರುವ ನಿಕ್ರೋಮ್ ತಂತಿ ಅದೇ.

1954ರಲ್ಲಿ ನೆಬ್ರಾಸ್ಕದ ನಾರ್‌ಫೋಕ್‌ನಲ್ಲಿ ಪಾದರಕ್ಷೆಯ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಹವ್ಯಾಸದ ಪುಟ್ಟ ರಾಕೆಟ್ಟನ್ನು ರೂಪಿಸಿದನು. ಆರಂಭದಲ್ಲಿ ಅದಕ್ಕೂ ಬತ್ತಿಯೇ. 1957ರಲ್ಲಿ ಸ್ಪುಟ್ನಿಕ್ ಹಾರಿತು; ಅಮೆರಿಕದ ಹುಡುಗರು ಸಿಕ್ಕಿದ ಕೊಳವೆಗೆ ಸಿಕ್ಕಿದ ಮದ್ದು ತುಂಬಿ ಬೆರಳು, ಕಣ್ಣು ಕಳೆದುಕೊಳ್ಳತೊಡಗಿದರು. ಕ್ಷಿಪಣಿ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ಹ್ಯಾರಿ ಸ್ಟೈನ್ ಕಾರ್ಲೈಲ್‌ನೊಡನೆ ಸೇರಿ, ಕಾರ್ಖಾನೆಯಲ್ಲಿ ಮಾಡಿದ ಎಂಜಿನು, ದೂರದಿಂದ ವಿದ್ಯುತ್ ದಹನ ಎಂಬ ಶಿಸ್ತನ್ನು ಈ ಹವ್ಯಾಸಕ್ಕೆ ತಂದನು.

ಆ ಪುಟ್ಟ ಪೆಟ್ಟಿಗೆಯ ಜಾಣತನವನ್ನು ನೋಡಿ. ಸುರಕ್ಷಾ ಕೀಲಿಯನ್ನು ತೂರಿಸಿದೊಡನೆ ಸಣ್ಣ ಬಲ್ಬು ಬೆಳಗುತ್ತದೆ. ವಿದ್ಯುನ್ಮಂಡಲ ಪೂರ್ಣಗೊಂಡಿದೆ ಎಂದರ್ಥ. ಪ್ರವಾಹವು ದಹನದ ತಂತಿಯ ಮೂಲಕವೇ ಹರಿಯುತ್ತಿದ್ದರೂ ರಾಕೆಟ್ಟು ಹೊತ್ತುವುದಿಲ್ಲ. ಏಕೆ? ಬಲ್ಬಿನ ರೋಧವು ಪ್ರವಾಹವನ್ನು ಅಲ್ಪವಾಗಿಸಿರುತ್ತದೆ. ಗುಂಡಿಯನ್ನು ಒತ್ತಿದಾಗ ಪ್ರವಾಹವು ಬಲ್ಬನ್ನು ಬಿಟ್ಟು ನೇರ ಹಾದಿಯಲ್ಲಿ ನುಗ್ಗುತ್ತದೆ. ಪ್ರವಾಹ ಹತ್ತು ಪಟ್ಟಾದರೆ ಉಷ್ಣ ನೂರು ಪಟ್ಟು! ಬೆರಳು ತೆಗೆದರೆ ಗುಂಡಿ ತಾನಾಗಿ ಹಿಂದಕ್ಕೆ ಬರುತ್ತದೆ. ಪರೀಕ್ಷೆಗೆ ಇದಕ್ಕಿಂತ ಸೊಗಸಾದ ಪ್ರಶ್ನೆಯನ್ನು ನಾನು ತೆಗೆಯಲಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ. ಚಿಕ್ಕ ಎಂಜಿನುಗಳಿಗೆ ಕನಿಷ್ಠ 15 ಅಡಿ, ದೊಡ್ಡವಕ್ಕೆ 30 ಅಡಿ ದೂರವಿರಬೇಕು. ರಾಕೆಟ್ಟು ಏಳದಿದ್ದರೆ ಕೀಲಿ ತೆಗೆದು 60 ಸೆಕೆಂಡು ಯಾರೂ ಹತ್ತಿರ ಹೋಗಕೂಡದು.

ಈ ಕೊನೆಯ ನಿಯಮವೇ ನನ್ನನ್ನು ಕಾಡುವುದು. ಮೂವತ್ತು ವರ್ಷಗಳ ಹಿಂದೆ, ದೀಪಾವಳಿಗೆ ಮುನ್ನ, ಒಂಬತ್ತನೆಯ ತರಗತಿಗೆ ನ್ಯೂಟನ್ನನ ಮೂರನೆಯ ನಿಯಮವನ್ನು ರಾಕೆಟ್ ಬಾಣದ ಉದಾಹರಣೆಯಿಂದಲೇ ಬೋಧಿಸಿದ್ದೆ. ಹಬ್ಬದ ರಾತ್ರಿ ಅದೇ ತರಗತಿಯ ಹುಡುಗನೊಬ್ಬನು ಸೀಸೆಯಲ್ಲಿಟ್ಟ ಬಾಣವು ಏಳಲಿಲ್ಲವೆಂದು ಬಗ್ಗಿ ಬತ್ತಿಯನ್ನು ಊದಿದನು. ಅವನ ಬಲಗಣ್ಣು ಉಳಿಯಲಿಲ್ಲ. ಕ್ರಿಯೆ, ಪ್ರತಿಕ್ರಿಯೆ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದಿದ್ದ ನಾನು, ಆರಿದಂತೆ ಕಾಣುವ ಬತ್ತಿಯ ಬಳಿಗೆ ಹೋಗಬೇಡಿ ಎಂಬ ಒಂದು ಮಾತನ್ನು ಹೇಳಿರಲಿಲ್ಲ. ಅವನು ಎಂದೂ ನನ್ನನ್ನು ದೂರಲಿಲ್ಲ.

ಚಿತ್ರ ಕಳುಹಿಸಿದವನಿಗೆ ಮರುದಿನ ಬರೆದೆ: "ಹಾರದಿದ್ದರೆ ಏನು ಮಾಡುವೆ ಎಂದು ಮಗುವನ್ನು ಕೇಳಪ್ಪಾ." ಹುಡುಗಿ ಫೋನಿನಲ್ಲಿ ತಾನೇ ಉತ್ತರಿಸಿದಳು: "ಕೀಲಿ ತೆಗೆದು ಅರವತ್ತು ಎಣಿಸ್ತೀನಿ, ಅಜ್ಜಾ."