ಆಕಾಶ ಕಪ್ಪಾದರೆ ಪರವಾಗಿಲ್ಲ, ಕಂಬ ಎಲ್ಲಿ?

ಹೋದ ತಿಂಗಳು ಊರಿಗೆ ಹೋದಾಗ ನಮ್ಮ ಗದ್ದೆಯ ಫೋಟೋ ತೆಗೆದಿದ್ದೆ, ರಾ ಫೈಲಿನಲ್ಲಿ. ರಾ ಅಂದ್ರೆ ಇನ್ನೂ ಬೇಯಿಸದ ಫೋಟೋ ಅಂದುಕೊಳ್ಳಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ 14 ಬಿಟ್‌ನ ರಾ ಫೈಲಿನಲ್ಲಿ 16,384. ಅಷ್ಟು ಜಾಗ ಸಿಕ್ಕಿದ ಮೇಲೆ ಕೈ ಸುಮ್ಮನಿರುತ್ತದೆಯೇ? ರಾತ್ರಿಯೆಲ್ಲ ಕೂತು ಮೂರು ಥರ ಮಾಡಿದೆ. ಒಂದು ಕಣ್ಣಿಗೆ ಕಂಡ ಹಾಗೆ. ಇನ್ನೊಂದು ನೆರಳುಗಳನ್ನೆಲ್ಲ ಎತ್ತಿ, ಬದುವಿನ ಹುಲ್ಲೂ ಕಾಣುವ ಹಾಗೆ. ಮೂರನೆಯದು ಕಪ್ಪು-ಬಿಳುಪು, ಆಕಾಶ ಕಡುಗಪ್ಪು, ಅಡ್ಡ ಬಂದಿದ್ದ ಕರೆಂಟ್ ಕಂಬ ಮಾಯ.

ಮೂರನೆಯದನ್ನು ಅಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಮೋಟರಿನ ಕಂಬ ಎಲ್ಲೋಯ್ತೋ?" ಅಂದಳು. ಅಷ್ಟೇ.

ನಾನು ಮಾಡಿದ್ದು ಮೋಸವೇ? ಹಳಬರು ಏನು ಮಾಡುತ್ತಿದ್ದರು ಎಂದು ಹುಡುಕುತ್ತಾ ಹೋದೆ..

1850ರ ದಶಕದ ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು. ಸಮುದ್ರ ಸರಿಯಾಗಿ ಬರುವಷ್ಟರಲ್ಲಿ ಆಕಾಶ ಬಿಳಿ ಹಾಳೆಯಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಹೊತ್ತಿಗೆ ಇದಕ್ಕೊಂದು ದಾರಿ ಕಂಡುಕೊಂಡ. ಸಮುದ್ರಕ್ಕೊಂದು ನೆಗೆಟಿವ್, ಮೋಡಕ್ಕೊಂದು ನೆಗೆಟಿವ್; ಪ್ರಿಂಟ್ ಹಾಕುವಾಗ ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸುವುದು. ಒಂದೇ ಆಕಾಶ ಅವನ ಬೇರೆ ಬೇರೆ ಸಮುದ್ರಗಳ ಮೇಲೆ ಕಾಣಿಸಿಕೊಂಡಿದ್ದೂ ಉಂಟು! ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಚಾಳಿ ಅದಕ್ಕಿಂತ ಬಹಳ ಹಳೆಯದು :)

ಇನ್ನು ಅಮೆರಿಕದ ಆನ್ಸೆಲ್ ಆಡಮ್ಸ್. 1941ರ ನವೆಂಬರ್ 1ರ ಸಂಜೆ, ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಹತ್ತಿರ ಕಾರು ನಿಲ್ಲಿಸಿದ. ಮೇಲೆ ಚಂದ್ರ, ಕೆಳಗೆ ಕೊನೆಯ ಬಿಸಿಲಿಗೆ ಹೊಳೆಯುವ ಶಿಲುಬೆಗಳು. ಬೆಳಕಿನ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ನೆನಪಿತ್ತು, ಅದರ ಮೇಲೆಯೇ ಲೆಕ್ಕ ಹಾಕಿ ಒಂದು ಫೋಟೋ ತೆಗೆದ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಇದ್ದದ್ದು ಆ ಒಂದೇ ನೆಗೆಟಿವ್. ಕೆಳಭಾಗ ತೀರಾ ತೆಳುವಾಗಿದೆಯೆಂದು 1948ರಲ್ಲಿ ರಾಸಾಯನಿಕ ಹಾಕಿ ಅದನ್ನು ಗಟ್ಟಿ ಮಾಡಿದ. ಮೊದಲ ಪ್ರಿಂಟ್‌ಗಳಲ್ಲಿ ಆಕಾಶ ಬೂದು, ತೆಳು ಮೋಡಗಳೂ ಕಾಣುತ್ತವೆ. ವರ್ಷ ಕಳೆದಂತೆ ಅದು ಕಪ್ಪಾಗುತ್ತಾ ಹೋಯಿತು. ಆ ಒಂದೇ ನೆಗೆಟಿವ್‌ನಿಂದ ಆತ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದ. ಆಡಮ್ಸ್ ಮೊದಲು ಪಿಯಾನೋ ಕಲಿತವನು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೀರ್ತನೆ ಒಂದೇ, ಕಛೇರಿ ದಿನಕ್ಕೊಂದು.

ಅಬ್ಬಾ, ನಾನು ಬಚಾವ್ ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಸಿಕ್ಕಿತು.

1944ರಲ್ಲಿ ಆತ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನಿಂದ ಸಿಯೆರಾ ನೆವಾಡಾ ಪರ್ವತಗಳ ಸೂರ್ಯೋದಯವನ್ನು ಹಿಡಿದ. ಅಲ್ಲಿನ ಗುಡ್ಡದ ಮೇಲೆ ಶಾಲೆಯ ಮಕ್ಕಳು ಬಿಳಿ ಬಣ್ಣದಲ್ಲಿ ಊರಿನ ಹೆಸರಿನ 'ಎಲ್', 'ಪಿ' ಅಕ್ಷರಗಳನ್ನು ಬರೆದಿದ್ದರು. ಅವನ ಪ್ರಿಂಟ್‌ನಲ್ಲಿ ಅವು ಇಲ್ಲ, ಅಳಿಸಿಹಾಕಿದ. ಅಳಿಸಿದ್ದನ್ನು ಬಚ್ಚಿಡಲಿಲ್ಲ, ಸಮರ್ಥಿಸಿಕೊಂಡ. ಅವನ ಕಣ್ಣಿಗೆ ಅದು ಬೆಟ್ಟದ ಮೇಲಿನ ಗಾಯ. ಆದರೆ ಅದನ್ನು ಬರೆದ ಹುಡುಗರಿಗೆ?

ಆಗ ಅಮ್ಮನ ಪ್ರಶ್ನೆ ಅರ್ಥವಾಯಿತು. ಆ ಕಂಬ ಹಾಕಿಸಲು ಅಪ್ಪ ಎರಡು ವರ್ಷ ಅಲೆದಿದ್ದರು. ಮೋಟರ್ ಶುರುವಾಗಿ ನೀರು ಬಂದ ದಿನ ಅಮ್ಮ ಪಾಯಸ ಮಾಡಿದ್ದಳು. ಅಪ್ಪ ಈಗಿಲ್ಲ, ಕಂಬ ಇದೆ. ಆಕಾಶ ಕಪ್ಪಾಗಿದ್ದನ್ನು ಅಮ್ಮ ಕೇಳಲೇ ಇಲ್ಲ ನೋಡಿ.

ರಾ ಫೈಲಿನ ದೊಡ್ಡ ಗುಣವೆಂದರೆ ಎಷ್ಟು ತಿದ್ದಿದರೂ ಮೂಲ ಹಾಗೇ ಇರುತ್ತದೆ. ಮತ್ತೆ ತೆರೆದೆ. ಆಕಾಶ ಕಪ್ಪಾಗಿಯೇ ಇರಲಿ ಅಂತ ಬಿಟ್ಟು, ಕಂಬವನ್ನು ವಾಪಸ್ ತಂದೆ. ಪ್ರಿಂಟ್ ಈಗ ಊರಿನ ಮನೆಯ ನಡುಮನೆಯಲ್ಲಿದೆ.

ನೀವೂ ಫೋಟೋ ತಿದ್ದುತ್ತೀರಲ್ವಾ? ಏನನ್ನು ಅಳಿಸಿದ್ದೀರಿ, ಹೇಳಿ..