ಬಡಿಯದೆ ಬಿಟ್ಟ ಹುಣಸೆ

ನಾವು ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಕಾಡು, ಹಕ್ಕಿ, ಪ್ರಾಣಿ ಉಳಿಸಿದವರು ಯಾರು? ಅಶೋಕ ಸಾಲುಮರ ನೆಡಿಸಿದ. ಮಹಾರಾಜರು ಬೇಟೆಗೆ ಅಂತ ಮೀಸಲಿಟ್ಟ ಕಾಡುಗಳು ಮುಂದೆ ಅಭಯಾರಣ್ಯಗಳಾದವು. 1940ರಲ್ಲಿ ಸಲೀಂ ಅಲಿ ಹೇಳಿದರು, ಮೈಸೂರು ಅರಸರು ಕೇಳಿದರು, ರಂಗನತಿಟ್ಟು ಪಕ್ಷಿಧಾಮ ಆಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ರಾಜ, ವಿಜ್ಞಾನಿ, ಸರ್ಕಾರ. ಇದ್ಯಾವುದೂ ಸುಳ್ಳಲ್ಲ. ಆದರೆ ಈ ಪಟ್ಟಿಯಲ್ಲಿ ಒಬ್ಬನ ಹೆಸರು ಬಿಟ್ಟುಹೋಗಿದೆ. ಮನೆ ಹಿತ್ತಲಲ್ಲಿ ಒಂದು ಹುಣಸೆಮರ ಇಟ್ಟುಕೊಂಡಿರುವ ರೈತ.

ಹುಣಸೆಮರ ಯಾಕೆ ಅಂತೀರಾ? ಬಯಲುಸೀಮೆಯ ಬಡವರ ಮನೆಗೆ ಒಂದು ಒಳ್ಳೆ ಹುಣಸೆಮರ ಅಂದ್ರೆ ಏನು ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಶಿವರಾತ್ರಿಯ ಆಸುಪಾಸಿಗೆ ಹಣ್ಣಾಗುತ್ತೆ. ಬಡಿದು ಉದುರಿಸಿ, ಸಿಪ್ಪೆ ತೆಗೆದು, ಕುಟ್ಟಿ ಬೀಜ ಬಿಡಿಸಿದರೆ ಮನೆಗೆ ವರ್ಷದ ಸಾರಿಗಾಯ್ತು, ಉಳಿದದ್ದು ಸಂತೆಗಾಯ್ತು. ಬೇಸಿಗೆಯಲ್ಲಿ ಬೇರೆ ಬೆಳೆ ಇಲ್ಲದ ಕಾಲಕ್ಕೆ ಕೈಗೆ ನಾಲ್ಕು ಕಾಸು. ಈಗ ಯೋಚನೆ ಮಾಡಿ. ಆ ಮರ ಹಣ್ಣು ಬಿಟ್ಟು ನಿಂತಿದೆ, ಮನೆಯಲ್ಲಿ ಕಾಸಿಲ್ಲ, ಆದರೂ ಯಜಮಾನ ಗಳ ಎತ್ತಿ ಬಡಿಯೋದಿಲ್ಲ. ಯಾಕಂದ್ರೆ ಮೇಲೆ ಹಕ್ಕಿ ಮೊಟ್ಟೆ ಇಟ್ಟಿದೆ.

ಇದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಕ್ಕೆ ತಿರುಗಿದರೆ, ಶಿಂಷಾ ನದಿಗೆ ಸಮೀಪದಲ್ಲೇ ಈ ಊರು. ಇಲ್ಲಿ ಬೇಲಿ ಇಲ್ಲ, ಗೇಟಿಲ್ಲ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಬೀದಿ ಪಕ್ಕದ, ಹಿತ್ತಲಿನ, ಕೊಟ್ಟಿಗೆ ಹಿಂದಿನ ಹುಣಸೆ, ಅತ್ತಿ, ಆಲದ ಮರಗಳಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡ್ತಿರುತ್ತವೆ, ಮೇಲೆ ಹಕ್ಕಿ ಸಂಸಾರ. ಚಳಿಗಾಲ ಶುರುವಾಗುವ ಹೊತ್ತಿಗೆ ಬರುತ್ತವೆ, ಮರಿ ಮಾಡುತ್ತವೆ, ಮಳೆಗಾಲದ ಹೊತ್ತಿಗೆ ಹಾರಿಹೋಗುತ್ತವೆ. ಊರಿನವರ ಪ್ರಕಾರ ಇವು ಹೊರಗಿನ ಹಕ್ಕಿಗಳಲ್ಲ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಬಂದರೆ ಮಳೆ ಬೆಳೆ ಚೆನ್ನಾಗಿರುತ್ತೆ ಅನ್ನೋ ನಂಬಿಕೆ. ಹಿರಿಯರು ಇನ್ನೊಂದು ಮಾತನ್ನೂ ಹೇಳ್ತಾರೆ: ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದು ಊರು ಹೊಳೆದಂಡೆಯಿಂದ ಈಗಿನ ಜಾಗಕ್ಕೆ ಬಂತಂತೆ, ಹಕ್ಕಿಗಳೂ ಜನರ ಹಿಂದೆಯೇ ಬಂದುವಂತೆ.

ನಂಬಿಕೆ ಇರಲಿ, ಲೆಕ್ಕಾಚಾರವೂ ಇತ್ತು. ಹಕ್ಕಿ ಹಿಕ್ಕೆ ಅಂದ್ರೆ ಮೀನು ತಿಂದ ಗೊಬ್ಬರ. ಮರದ ಕೆಳಗೆ ಗುಂಡಿ ತೋಡಿ, ಬಿದ್ದದ್ದನ್ನು ಮಣ್ಣಿನ ಜೊತೆ ಕೂಡಿಸಿ ಗದ್ದೆಗೆ ಹಾಕುತ್ತಿದ್ದರು. ಹಾಗಂತ ಪುಕ್ಕಟೆ ಲಾಭ ಅಂದ್ಕೋಬೇಡಿ. ನಾತ ಸಹಿಸಬೇಕು, ಹಂಚಿನ ಮೇಲೆ ಬೀಳೋ ಹೊಲಸು ತೊಳೀಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹುಣಸೆ ಬಿಡಬೇಕು. ಒಂದು ವರ್ಷ ಅಲ್ಲ, ಪ್ರತಿ ವರ್ಷ.

ಸರ್ಕಾರ ಯಾವಾಗ ಬಂತು? ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಈ ಊರನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಹಕ್ಕಿ ಕೂರುವ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಆ ನಂತರ ಬಂತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಊರಿನ ಯುವಕರ ಜೊತೆ ಸೇರಿದರು, ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕಿ ಬಿಡೋ ಕೆಲಸ ಶುರುವಾಯ್ತು. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶ ಅನ್ನೋ ಕಾನೂನಿನ ಮುದ್ರೆ ಬಿತ್ತು. ಕ್ರಮ ಗಮನಿಸಿ. ಮೊದಲು ಜನ, ಆಮೇಲೆ ಅಧಿಕಾರಿ, ಆಮೇಲೆ ಸಂಘ, ಕಟ್ಟಕಡೆಗೆ ಕಾನೂನು. ನಮ್ಮ ಪಠ್ಯಪುಸ್ತಕ ಈ ಸಾಲನ್ನು ತಲೆಕೆಳಗು ಮಾಡಿ ಹೇಳುತ್ತೆ.

ಇದು ಮಂಡ್ಯದ ಜನರ ವಿಶೇಷ ಗುಣ ಅಂತ ನಾವು ಬೀಗೋದೂ ಬೇಡ. ಪಕ್ಕದ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯ ವೇಡಂತಾಂಗಲ್ ನೋಡಿ. ಅಲ್ಲಿನ ಕೆರೆಯೊಳಗಿನ ಮರಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಹಿಕ್ಕೆ ನೀರಿಗೆ ಬೀಳುತ್ತೆ, ಆ ನೀರು ಗದ್ದೆಗೆ ಹರಿಯುತ್ತೆ, ಭತ್ತ ಹುಲುಸಾಗುತ್ತೆ. ರಸಾಯನಶಾಸ್ತ್ರ ಓದದ ರೈತರಿಗೆ ಇದು ಗೊತ್ತಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೈನಿಕರು ಮೋಜಿಗೆ ಈ ಹಕ್ಕಿಗಳನ್ನು ಹೊಡೆದಾಗ ಊರಿನವರು ಸುಮ್ಮನಿರಲಿಲ್ಲ. ಕಲೆಕ್ಟರ್ ಲಯೋನೆಲ್ ಪ್ಲೇಸ್ ಮುಂದೆ ಹೋಗಿ ನಿಂತರು. 1798ರಲ್ಲಿ ಹಕ್ಕಿಗಳನ್ನು ಕಾಯುವ ತಮ್ಮ ಹಕ್ಕಿಗೆ ಅವನಿಂದ ಕೌಲುಪತ್ರ ಬರೆಸಿಕೊಂಡರು. ಆ ಕಾಗದ ಕಳೆದುಹೋಯ್ತು. ಊರಿನವರು ಬಿಡಲಿಲ್ಲ, 1858ರಲ್ಲಿ ಮತ್ತೆ ಹೊಸದಾಗಿ ಪಡೆದರು.

ಸ್ವಾಮಿ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಂಪನಿ ಸರ್ಕಾರದ ಕಾಲ. ಟಿಪ್ಪು ಸುಲ್ತಾನ್ ಇನ್ನೂ ಶ್ರೀರಂಗಪಟ್ಟಣದಲ್ಲಿ ಬದುಕಿದ್ದ. ಆಗ ಒಂದು ಹಳ್ಳಿಯ ಜನ ಹಕ್ಕಿ ಪರವಾಗಿ ಅರ್ಜಿ ಹಿಡಿದು ದೊರೆ ಹತ್ತಿರ ಹೋಗ್ತಾರೆ, ಗೆದ್ದು ಬರ್ತಾರೆ. ಪರಿಸರ ಅನ್ನೋ ಪದ ಅವರ ಬಾಯಲ್ಲಿ ಇರಲಿಲ್ಲ. ನಮ್ಮ ಹಕ್ಕಿ, ನಮ್ಮ ಕೆರೆ, ನಮ್ಮ ಗದ್ದೆ. ಅಷ್ಟೇ ಅವರ ವಾದ.

ಅದೇ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಕೊಲ್ಲುಕುಡಿಪಟ್ಟಿ, ವೇಟ್ಟಂಗುಡಿ ಕಡೆಯ ಜನ ದಶಕಗಳಿಂದ ದೀಪಾವಳಿಗೆ ಪಟಾಕಿ ಹೊಡೆಯೋದಿಲ್ಲ. ಕೆರೆಗೆ ಬಂದ ಹಕ್ಕಿಗಳು ಬೆದರುತ್ತವೆ ಅಂತ. ಹಬ್ಬದ ದಿನ ಮಗುವಿನ ಕೈಯಿಂದ ಪಟಾಕಿ ಬಿಡಿಸೋದು ಎಷ್ಟು ಕಷ್ಟ ಅಂತ ಮಕ್ಕಳಿರುವ ನಮಗೆಲ್ಲ ಗೊತ್ತು.

ಈ ದೇಶದಲ್ಲಿ ತಲೆ ಕೊಟ್ಟು ಮರ ಉಳಿಸಿದವರೂ ಇದ್ದಾರೆ. 1730ರಲ್ಲಿ ರಾಜಸ್ಥಾನದ ಖೇಜರ್ಲಿಯಲ್ಲಿ ಜೋಧಪುರದ ಅರಸನ ಆಳುಗಳು ಖೇಜ್ರಿ ಮರ ಕಡಿಯಲು ಬಂದಾಗ ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಬಿಟ್ಟರು. ಅವರಿಗೆ ನಮಸ್ಕಾರ. ಆದರೆ ತಲೆ ಕೊಡು ಅಂತ ನಮ್ಮನ್ನು ಯಾರೂ ಕೇಳ್ತಿಲ್ಲ. ನಮ್ಮಿಂದ ಆಗಬೇಕಾದದ್ದು ಹುಣಸೆ ಬಿಟ್ಟವರ ಕೆಲಸ. ಅದಕ್ಕೆ ವೀರಗಲ್ಲು ನೆಡೋದಿಲ್ಲ. ಟಿವಿ ಕ್ಯಾಮೆರಾನೂ ಬರೋದಿಲ್ಲ, ನಮ್ಮ ದಂಧೆ ನನಗೆ ಗೊತ್ತಲ್ಲ. ಚಿರತೆ ಬಾವಿಗೆ ಬಿದ್ದರೆ ಮೂರು ಗಂಟೆ ನೇರಪ್ರಸಾರ. ರೈತ ಹುಣಸೆ ಬಡಿಯದೆ ಬಿಟ್ಟರೆ ಅದರಲ್ಲಿ ತೋರಿಸೋಕೆ ಏನಿದೆ? ಏನೂ ಆಗಲಿಲ್ಲ ಅನ್ನೋದೇ ಅಲ್ಲಿನ ಸುದ್ದಿ.

ಹಾಗಂತ ಎಲ್ಲ ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ. ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಡಿಸೆಂಬರ್ ನಿಂದ ಮುಂದಿನ ಕೆಲವು ತಿಂಗಳು ಹತ್ತಾರು ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಜಂತು ಬರೋದು ತಿನ್ನೋ ಮೀನಿನಿಂದ, ಮೀನು ಬರೋದು ಸುತ್ತಲಿನ ಕೆರೆಗಳಿಂದ. ಊರಿನವರು ಮರ ಕಾದರು, ಸರಿ. ಕೆರೆ ಕಾಯಬೇಕಾದವರು ಯಾರು? ಆ ಕೆರೆಗಳಿರೋದು ಊರಾಚೆ. ಅಲ್ಲಿಗೆ ಹರಿಯೋ ಕೊಳಕಿನಲ್ಲಿ ಎಲ್ಲರ ಪಾಲೂ ಇದೆ. ವೇಡಂತಾಂಗಲ್ ನಲ್ಲೂ ಅಷ್ಟೇ. 2020ರಲ್ಲಿ ಪಕ್ಷಿಧಾಮದ ಸುತ್ತಲಿನ 5 ಕಿಲೋಮೀಟರ್ ರಕ್ಷಣೆಯನ್ನು 3 ಕಿಲೋಮೀಟರ್ ಗೆ ಇಳಿಸುವ ಪ್ರಸ್ತಾವ ಬಂತು, ದೊಡ್ಡ ವಿರೋಧ ಎದ್ದಿತು. ಕಂಪನಿ ಸರ್ಕಾರದಿಂದ ಪತ್ರ ಬರೆಸಿಕೊಂಡ ಊರಿನ ಕೆರೆಗೆ ನಮ್ಮದೇ ಸರ್ಕಾರದ ಕಾಲದಲ್ಲಿ ಈ ಪಾಡು.

ಇನ್ನು ಮರದ ಮಾಲೀಕರ ಮನೆಯೂ ಹಿಂದಿನಂತಿಲ್ಲ. ಅಪ್ಪನ ಜಾಗ ಮೂರು ಮಕ್ಕಳಿಗೆ ಪಾಲಾಗುತ್ತೆ. ಹಂಚಿನ ಮನೆ ಹೋಗಿ ತಾರಸಿ ಮನೆ ಬರಬೇಕು, ಮರ ಅಡ್ಡ ನಿಂತಿದೆ. ಮಗಳ ಮದುವೆ ಬಂದರೆ ಮರ ಕೊಳ್ಳೋನು ಬಾಗಿಲಲ್ಲೇ ನಿಂತಿರುತ್ತಾನೆ. ಆ ಮರ ಕಡಿಸಿದವನನ್ನು ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕೂತು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಅವನ ಅಜ್ಜ ಕೊಟ್ಟಷ್ಟು ನಮ್ಮ ಪೈಕಿ ಯಾರು ಕೊಟ್ಟಿದ್ದೇವೆ?

ಹಾಗಾಗಿ ನಾನು ಕೇಳೋದು ಒಂದೇ ಪ್ರಶ್ನೆ. ನಿಮ್ಮ ಪಾಲಿನ ಹುಣಸೆ ಯಾವುದು? ಸೈಟಿನ ಮುಂದಿನ ಮರದ ಕೊಂಬೆ ಕಡಿಸಬೇಕಾ? ಗೂಡಿದೆಯಾ ನೋಡಿ, ಮರಿ ಹಾರುವವರೆಗೆ ಎರಡು ತಿಂಗಳು ತಡೀರಿ. ಗಾಳಿಪಟಕ್ಕೆ ಗಾಜಿನ ಪುಡಿಯ ಮಾಂಜಾ ಬೇಡ, ಹತ್ತಿ ದಾರ ಸಾಕು. ಗಣಪತಿಗೆ ಬಣ್ಣ ಕಮ್ಮಿ ಆದರೂ ಪರವಾಗಿಲ್ಲ, ಮಣ್ಣಿನದೇ ತನ್ನಿ, ಕೆರೆಗೆ ಬಿಡಬೇಡಿ, ಬಕೆಟ್ ನಲ್ಲಿ ಬಿಡಿ. ಕಾಡಿನ ರಸ್ತೆಯಲ್ಲಿ ಕೋತಿಗೆ ಬಿಸ್ಕತ್ತು ಎಸೆಯೋ ಆಸೆ ತಡ್ಕೊಳ್ಳಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಅದನ್ನು ತೆಗೀರಿ ಅಂತ ಗಲಾಟೆ ಆಗಾಗ ಏಳುತ್ತೆ. ಗುಂಡ್ಲುಪೇಟೆಯಲ್ಲಿ ಲಾರಿ ನಿಲ್ಲಿಸಿ ಬೆಳಗಾಗುವವರೆಗೆ ಕಾಯೋ ಡ್ರೈವರ್ ಕೂಡ ನನ್ನ ಲೆಕ್ಕದಲ್ಲಿ ಹುಣಸೆ ಬಿಟ್ಟವನೇ. ಅವನ ರಾತ್ರಿ ನಿದ್ದೆ ಆನೆಯ ಪಾಲಿಗೆ ದಾರಿ ಆಗಿದೆ.

ಸರ್ಕಾರಕ್ಕೂ ಒಂದು ಮಾತು. ಸಮುದಾಯ ಮೀಸಲು ಅಂತ ಬೋರ್ಡ್ ಹಾಕಿದರೆ ಸಾಲದು. ಇಡೀ ನಾಡಿಗೆ ಹೆಮ್ಮೆ ತರೋ ಹಕ್ಕಿಯ ಖರ್ಚನ್ನು ಹತ್ತಾರು ಮನೆಗಳು ಮಾತ್ರ ಹೊರೋದು ಯಾವ ನ್ಯಾಯ? ಹುಣಸೆ ಪರಿಹಾರವನ್ನು ಆಯಾ ವರ್ಷದ ಸಂತೆ ಧಾರಣೆ ನೋಡಿ ಕಟ್ಟಿ. ಹಣ್ಣು ಬಡಿಯೋ ಕಾಲ ಬರೋದಕ್ಕೆ ಮುಂಚೆ, ಮರದ ಯಜಮಾನ ಕಚೇರಿಗೆ ಅಲೆಯದಂತೆ, ಅವನ ಖಾತೆಗೆ ಹಾಕಿ. ಹಕ್ಕಿಗಳು ತಪ್ಪದೆ ಸಮಯಕ್ಕೆ ಬರುತ್ತವೆ. ದುಡ್ಡೂ ಹಾಗೆ ಬರಲಿ.