ಎಣ್ಣೆ ಸೋಸುವ ಡಬ್ಬಿಯ ಪುರಾಣ

1908ರಲ್ಲಿ ರಸ್ತೆಗಿಳಿದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಫಿಲ್ಟರ್ ಹಾಗಿರಲಿ, ಆಯಿಲ್ ಪಂಪೇ ಇರಲಿಲ್ಲ. ತಿರುಗುವ ಫ್ಲೈವೀಲ್ ಎರಚಿದ ಎಣ್ಣೆಯಲ್ಲಿ ಒಂದಿಷ್ಟು ಕೊಳವೆಯೊಂದಕ್ಕೆ ಬಿದ್ದು ಮುಂದಕ್ಕೆ ಹರಿಯುತ್ತಿತ್ತು. ಧೂಳು, ಮಸಿ, ಸವೆದ ಲೋಹದ ಪುಡಿ ಎಲ್ಲವೂ ಅದರ ಜೊತೆಗೇ ಸುತ್ತುತ್ತಿದ್ದವು. ಪದೇ ಪದೇ ಎಣ್ಣೆ ಬದಲಿಸುವುದೊಂದೇ ದಾರಿ.

1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ 'ಪ್ಯೂರೊಲೇಟರ್' ಎಂಬ ಫಿಲ್ಟರ್ ತಂದರು. ವಾಲ್ಟರ್ ಕ್ರೈಸ್ಲರ್ ಮರುವರ್ಷವೇ ತನ್ನ ಹೆಸರಿನ ಮೊದಲ ಕಾರಿಗೆ ಅದನ್ನು ಜೋಡಿಸಿದ. ಆದರೆ ಆ ಕಾಲದ ಬೈಪಾಸ್ ಫಿಲ್ಟರ್‌ಗಳ ಮೂಲಕ ಹಾಯುತ್ತಿದ್ದುದು ಎಣ್ಣೆಯ ಒಂದು ಪಾಲು ಮಾತ್ರ; ಉಳಿದದ್ದು ಸೋಸದೆಯೇ ಬೇರಿಂಗ್‌ಗೆ. ಅರ್ಧಂಬರ್ಧ ಮಡಿ! ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದೂ ಇದೇ ಕಥೆ.

ಯುದ್ಧದ ನಂತರವೇ ಎಲ್ಲ ಎಣ್ಣೆಯನ್ನೂ ಸೋಸಿ ಕಳಿಸುವ ಫುಲ್ ಫ್ಲೋ ವ್ಯವಸ್ಥೆ ಬೇರೂರಿದ್ದು. ಫಿಲ್ಟರ್ ಕಟ್ಟಿಕೊಂಡರೆ ತೆರೆದುಕೊಳ್ಳಲು ಅದರಲ್ಲೊಂದು ವಾಲ್ವ್. ಕೊಳಕು ಎಣ್ಣೆಯಾದರೂ ಸರಿ, ಬೇರಿಂಗ್ ಒಣಗಬಾರದು ಎಂಬ ಲೆಕ್ಕಾಚಾರ.

ನಮ್ಮಲ್ಲಿ ಫಿಲ್ಟರ್ ಬದಲಿಸುವ ಕೆಲಸದ ಪೂರ್ತಿ ರುಚಿ ಉಣಿಸಿದ್ದು ಅಂಬಾಸಿಡರ್ ಕಾರು. ಅದರ 1489 ಸಿಸಿ ಬಿಎಂಸಿ ಎಂಜಿನ್ನಿನ ಪಕ್ಕದಲ್ಲಿ ಉಕ್ಕಿನ ಬೌಲ್, ಒಳಗೆ ಎಣ್ಣೆ ಸೋಸುವ ಎಲಿಮೆಂಟ್, ನಡುವೆ ಉದ್ದನೆಯ ಬೋಲ್ಟ್. ಬೋಲ್ಟ್ ಸಡಿಲಿಸಿದ್ದೇ ತಡ, ಕಪ್ಪು ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಸ್ಪ್ರಿಂಗ್, ವಾಷರ್‌ಗಳು ಕಳಚಿದ ಕ್ರಮದಲ್ಲೇ ವಾಪಸ್ಸು ಹೋಗಬೇಕು. ಬೌಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಬೇಕು. ನಿಜವಾದ ಪರೀಕ್ಷೆ ಬೌಲ್ ಕೂರುವ ತೋಡಿನಲ್ಲಿ ಕುಳಿತ ರಬ್ಬರ್ ರಿಂಗ್‌ನದು: ಗಟ್ಟಿಯಾಗಿ ಲೋಹದಂತೆಯೇ ಕಾಣುವ ಅದನ್ನು ಚೂಪಾದ ಮೊಳೆಯಿಂದ ಕೆದಕಿ ತೆಗೆಯಬೇಕು. ಹಳೆಯದರ ಮೇಲೇ ಹೊಸದನ್ನು ಕೂರಿಸಿದರೆ ಎಂಜಿನ್ ಚಾಲೂ ಆದ ಕೂಡಲೇ ಎಣ್ಣೆಯೆಲ್ಲ ನೆಲಕ್ಕೆ. ಬದಲಿಸಿದ ಮೇಲೆ ಆಯಿಲ್ ಪ್ರೆಷರ್ ಬರುವವರೆಗೂ ಆಕ್ಸಿಲರೇಟರ್ ಮುಟ್ಟದಿರುವುದು ಬಲ್ಲವರ ಪದ್ಧತಿ.

ಅತ್ತ ಅಮೆರಿಕದಲ್ಲಿ 1950ರ ದಶಕದಲ್ಲೇ ಡಬ್ಬಿಯೂ ಎಲಿಮೆಂಟೂ ಒಂದಾದ, ಕೈಯಲ್ಲೇ ತಿರುಗಿಸಿ ಕೂರಿಸುವ ಸ್ಪಿನ್-ಆನ್ ಫಿಲ್ಟರ್ ಬಂದಿತ್ತು. ಭಾರತದ ಮಧ್ಯಮವರ್ಗಕ್ಕೆ ಅದನ್ನು ಪರಿಚಯಿಸಿದ್ದು 1983ರ ಮಾರುತಿ 800 ಎನ್ನಬಹುದು. ರಬ್ಬರಿಗೆ ಒಂದು ಬೆರಳು ಎಣ್ಣೆ ಸವರಿ, ಕೈಬಿಗಿಯಾಗಿ ತಿರುಗಿಸಿದರೆ ಮುಗಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲಿಮೆಂಟ್ ಪೊಟ್ಟಣಗಳ ಪಕ್ಕ ಬಣ್ಣದ ಡಬ್ಬಿಗಳು ಸಾಲುಗಟ್ಟಿದವು.

ಸ್ಪಿನ್-ಆನ್‌ನ ಸುಖಕ್ಕೆ ಬೆಲೆಯೂ ಇದೆ: ಪ್ರತಿ ಸಲವೂ ಎಣ್ಣೆ ಜಿನುಗುವ ಉಕ್ಕಿನ ಡಬ್ಬಿಯೊಂದು ಕಸಕ್ಕೆ. ಹಾಗಾಗಿ ಈಗ ಬಿಎಂಡಬ್ಲ್ಯೂ, ಟೊಯೊಟಾದಂಥ ಕಂಪನಿಗಳ ಹಲವು ಎಂಜಿನ್‌ಗಳಲ್ಲಿ ಮತ್ತೆ ಬರೀ ಕಾಗದದ ಎಲಿಮೆಂಟ್; ಮುಚ್ಚಳ ತೆಗೆದು ಅದನ್ನೂ ರಿಂಗನ್ನೂ ಬದಲಿಸಿದರಾಯಿತು.